ಒಂದು ಹಗಲಿನ ದೇಶ

ಕೆಲವು ವರ್ಷಗಳ ಹಿಂದೆ ಒಂದು ವಿಚಾರಸಂಕಿರಣದಲ್ಲಿ ತುಳುನಾಡಿನ ಜೈನ ಅರಸುಮನೆತನಗಳನ್ನು ಕುರಿತು ಪ್ರಬಂಧ ಮಂಡಿಸಿದ್ದೆ. ಬಂಗ, ಚೌಟ, ಅಜಿಲ, ಭೈರರಸ ಮೊದಲಾದವರನ್ನು ‘ಸಾಮಂತರು’ ಎಂಬ ಒಂದೇ ಪದದಲ್ಲಿ ಕಟ್ಟಿ, ಅವರ ಬಸದಿಗಳು, ದಾನಶಾಸನಗಳು, ಅವರ ಆಶ್ರಯದ ಕವಿಗಳು ಎಂದು ಮುಂದೆ ಸಾಗಿದ್ದೆ. ಪ್ರಶ್ನೋತ್ತರದ ವೇಳೆಯಲ್ಲಿ ಹಿಂದಿನ ಸಾಲಿನಲ್ಲಿದ್ದ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತಳು. ತಾನು ಉಳ್ಳಾಲದವಳೆಂದು ಹೇಳಿ, “ಸರ್, ನೀವು ಉಳ್ಳಾಲವನ್ನು ನೋಡಿದ್ದೀರಾ?” ಎಂದು ಕೇಳಿದಳು. ನೋಡಿರಲಿಲ್ಲ. ಮೂಡಬಿದಿರೆಗೆ ಹತ್ತಾರು ಸಲ ಹೋಗಿದ್ದೆ. ಬಸದಿ ನೋಡಿ, ಓಲೆಗರಿಗಳ ಮುಂದೆ ಕೈಮುಗಿದು, ಹಿಂದಿರುಗಿದ್ದೆ. ಆ ಮನೆತನಕ್ಕೆ ಒಂದು ಕಡಲತೀರವಿತ್ತು, ಒಂದು ಬಂದರಿತ್ತು ಎಂಬುದು ನನಗೆ ಅಡಿಟಿಪ್ಪಣಿಯ ವಿಷಯವಾಗಿತ್ತು. “ಇಲ್ಲ” ಎಂದೆ. ಅವಳು ಮತ್ತೇನೂ ಕೇಳದೆ ಕುಳಿತಳು. ಅವಳು ವಾದಿಸಿದ್ದರೆ ಉತ್ತರಿಸಿ ಮರೆತುಬಿಡುತ್ತಿದ್ದೆನೇನೋ.

ಆ ಪ್ರಬಂಧ ಈಗ ಪುಸ್ತಕವಾಗಿ ಮರುಮುದ್ರಣಕ್ಕೆ ಸಿದ್ಧವಾಗುತ್ತಿದೆ. ಕರಡು ತಿದ್ದುವ ಮೊದಲು ಒಂದು ದಿನವಾದರೂ ಆ ಪುಟ್ಟ ದೇಶವನ್ನು ಕಣ್ಣಾರೆ ಕಂಡು ಬರಬೇಕೆಂದು ನಿಶ್ಚಯಿಸಿದೆ. ನಾಗಮಂಗಲ ತಾಲ್ಲೂಕಿನ ನಮ್ಮ ಊರಿನಿಂದ ಕಡಲು ಸುಮಾರು 250 ಕಿಲೋಮೀಟರ್. ಬೆಳ್ಳೂರು ಕ್ರಾಸಿನಲ್ಲಿ ಹೆದ್ದಾರಿ ಹಿಡಿದರೆ ಹಾಸನ, ಸಕಲೇಶಪುರ, ಶಿರಾಡಿ ಘಾಟಿ ದಾಟಿ ಬಂಟ್ವಾಳ. ಬೆಳಗಿನ ಜಾವ ಎರಡು ಗಂಟೆಗೆ ಹೊರಟರೆ ಮಧ್ಯರಾತ್ರಿಯೊಳಗೆ ಮನೆ ಸೇರಬಹುದು. ಸೂರ್ಯಾಸ್ತದ ಬಳಿಕ ಉಣ್ಣದ ನನಗೆ ಪ್ರವಾಸದ ಗಡಿಯಾರವೂ ಸೂರ್ಯನೇ ಆಗಿರುವುದರಿಂದ ಹಗಲಿನ ಅಳತೆ ಚೆನ್ನಾಗಿ ಗೊತ್ತು.

ಕತ್ತಲಲ್ಲಿ ಗಾಡಿ ಓಡುತ್ತಿರುವಾಗ ನಮ್ಮ ಸೀಮೆಯ ಅಳತೆಗಳ ನೆನಪಾಯಿತು. ನಮ್ಮ ಭಾಗದಲ್ಲಿ ಶಾಲೆಯ ಒಂದು ದಿನದ ಪ್ರವಾಸವೆಂದರೆ ಶ್ರೀರಂಗಪಟ್ಟಣದ ಕೋಟೆ, ಪಾಂಡವಪುರ ತಾಲ್ಲೂಕಿನ ಮೇಲುಕೋಟೆ, ಕೃಷ್ಣರಾಜಪೇಟೆ ತಾಲ್ಲೂಕಿನ ಹೊಸಹೊಳಲು, ಸಮಯ ಉಳಿದರೆ ನಮ್ಮ ಕಂಬದಹಳ್ಳಿಯ ಪಂಚಕೂಟ ಬಸದಿ. ನಾನೇ ಎಷ್ಟೋ ಸಲ ಹುಡುಗರನ್ನು ಹಾಗೆ ಕರೆದೊಯ್ದಿದ್ದೇನೆ. ಎಲ್ಲೆಡೆಯೂ ಹೇಳಿದ್ದು ದೊಡ್ಡ ಅಳತೆಯ ಮಾತುಗಳನ್ನೇ: ಗಂಗವಾಡಿ ತೊಂಬತ್ತಾರು ಸಾಸಿರ, ಹೊಯ್ಸಳ ಸಾಮ್ರಾಜ್ಯ, ವಿಜಯನಗರದ ಪ್ರತಿನಿಧಿ, ಮೈಸೂರಿನ ಸುಲ್ತಾನ. ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡದ್ದು 1610ರಲ್ಲಿ. ಆಮೇಲೂ ಬಹುಕಾಲ ಮೈಸೂರು ಒಂದು ಸಣ್ಣ ಸಂಸ್ಥಾನವೇ. ನಾಗಮಂಗಲದ ಕಡೆ ಆಗ ಚನ್ನಪಟ್ಟಣದ ಜಗದೇವರಾಯರ ವಂಶದವರ ಆಳ್ವಿಕೆ. ಅದು ಮೈಸೂರಿಗೆ ಸೇರಿದ್ದು ಚಾಮರಾಜ ಒಡೆಯರ ಕಾಲದಲ್ಲಿ, 1630ರ ಹೊತ್ತಿಗೆ. ಅಂದರೆ 1620ರ ದಶಕದಲ್ಲಿ ಶ್ರೀರಂಗಪಟ್ಟಣದಿಂದ ನಮ್ಮೂರಿಗೆ ಬರುವವನು ಒಂದು ಗಡಿಯನ್ನು ದಾಟಬೇಕಾಗಿತ್ತು. ಈ ಮಾತನ್ನು ಆ ಹುಡುಗರಿಗೆ ನಾನು ಹೇಳಿರಲಿಲ್ಲ. ಮುಂದೆ ದೊಡ್ಡದಾದದ್ದನ್ನು ಮೊದಲಿನಿಂದಲೂ ದೊಡ್ಡದೆಂದೇ ಓದುವುದು ನಮ್ಮ ರೂಢಿ.

ಇನ್ನೊಂದು ರೂಢಿಯೂ ಉಂಟು. ನಮ್ಮ ಕಡೆಯ ಚರಿತ್ರೆಯಲ್ಲಿ ಕರಾವಳಿ ಕಾಣಿಸಿಕೊಳ್ಳುವುದು ದಂಡಿನ ಹಿಂದೆಯೇ. 1763ರಲ್ಲಿ ಹೈದರನ ಸೈನ್ಯ ಬಿದನೂರನ್ನು ಹಿಡಿದು ಮಂಗಳೂರಿಗೆ ಇಳಿಯಿತು; 1784ರಲ್ಲಿ ಟಿಪ್ಪು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಬಂದನು. ಶಿರಾಡಿಯ ತಿರುವುಗಳಲ್ಲಿ ಇಳಿಯುವಾಗ, ಈ ಬೆಟ್ಟಸಾಲಿನ ಇಳಿಜಾರುಗಳನ್ನು ಕಾಲ್ನಡಿಗೆಯಲ್ಲಿ ಏರಿದವರನ್ನು ಕುರಿತು ಯೋಚಿಸದೆ ಇರಲಾಗಲಿಲ್ಲ.

ಎಂಟು ಗಂಟೆಯ ಸುಮಾರಿಗೆ ಮೂಡಬಿದಿರೆ. ಸಾವಿರ ಕಂಬದ ಬಸದಿಯ ದರ್ಶನ ಮಾಡಿ, ಈ ಸಲ ಚೌಟರ ಅರಮನೆಗೆ ಹೋದೆ. ಅರಮನೆ ಎಂಬ ಮಾತು ಮೈಸೂರಿನವರನ್ನು ದಾರಿ ತಪ್ಪಿಸುತ್ತದೆ; ಇದು ಹೆಂಚು ಹೊದಿಸಿದ ಒಂದು ದೊಡ್ಡ ಮನೆ. ಆದರೆ ಅದರ ಮರದ ಕಂಬಗಳಲ್ಲಿ ನವನಾರೀಕುಂಜರ ಮತ್ತು ಪಂಚನಾರೀತುರಗಗಳಿವೆ. ಒಂಬತ್ತು ಹೆಣ್ಣುಗಳು ಹೆಣೆದುಕೊಂಡು ಆನೆಯಾಗಿದ್ದಾರೆ, ಐವರು ಸೇರಿ ಕುದುರೆಯಾಗಿದ್ದಾರೆ. ಚತುರಂಗಬಲವನ್ನು ಹೆಂಗಸರ ಮೈಗಳಿಂದ ಕಟ್ಟುವ ಈ ಅಲಂಕಾರ ಬೇರೆಡೆಗಳಲ್ಲಿಯೂ ಇದೆ. ಆದರೆ ಅಳಿಯಸಂತಾನದ ಅರಸುಮನೆಯಲ್ಲಿ, ಅಬ್ಬಕ್ಕನ ವಂಶದವರ ಮನೆಯ ಕಂಬದಲ್ಲಿ ಅದನ್ನು ಕಂಡಾಗ ಬರಿಯ ಅಲಂಕಾರವೆನಿಸಲಿಲ್ಲ.

ಇದೇ ಮೂಡಬಿದಿರೆಯವನು ರತ್ನಾಕರವರ್ಣಿ. 1557ರ ಸುಮಾರಿಗೆ ಅವನು ಭರತೇಶವೈಭವವನ್ನು ರಚಿಸಿದನು. ಆರು ಖಂಡಗಳನ್ನು ಗೆದ್ದ ಚಕ್ರವರ್ತಿಯ ಕಥೆಯನ್ನು ಹತ್ತು ಸಾವಿರದಷ್ಟು ಸಾಂಗತ್ಯ ಪದ್ಯಗಳಲ್ಲಿ ಹಾಡಿದ ಕವಿ ಕಣ್ಣಾರೆ ಕಂಡ ರಾಜ್ಯಗಳು ಯಾವುವು? ಚೌಟರದು, ಬಂಗರದು, ಕಾರ್ಕಳದ ಭೈರರಸರದು. ಒಂದೊಂದನ್ನೂ ಕುದುರೆಯ ಮೇಲೆ ಒಂದು ಹಗಲಿನಲ್ಲಿ ದಾಟಬಹುದಾಗಿತ್ತು. ದಿಗ್ವಿಜಯ ಮುಗಿಸಿದ ಭರತನು ವೃಷಭಾದ್ರಿಯ ಮೇಲೆ ತನ್ನ ಹೆಸರನ್ನು ಬರೆಸಲು ಹೋಗಿ, ಹಿಂದಿನ ಚಕ್ರವರ್ತಿಗಳ ಹೆಸರುಗಳಿಂದ ಇಡೀ ಬೆಟ್ಟವೇ ತುಂಬಿರುವುದನ್ನು ಕಂಡು ನಾಚುವ ಪ್ರಸಂಗ ಪಂಪನಿಂದ ನಮಗೆಲ್ಲ ಪರಿಚಿತ. ಅದನ್ನು ನಾನು ಇಷ್ಟು ವರ್ಷ ವೈರಾಗ್ಯದ ಪಾಠವಾಗಿ ಮಾತ್ರ ಕಲಿಸಿದ್ದೆ. ಸಣ್ಣ ದೇಶದ ಓದುಗನಿಗೆ ಆ ಭಾಗ ಬೇರೆ ರೀತಿಯಲ್ಲಿಯೂ ರುಚಿಸಿರಬೇಕು ಎಂದು ಅಂದು ತೋರಿತು.

ಮೂಡಬಿದಿರೆಯಿಂದ ಮಂಗಳೂರಿನ ದಾರಿಯಲ್ಲಿ ಗಂಜಿಮಠದ ಬಳಿ ಮಣೇಲ್ ಎಂಬ ಊರು. ನನ್ನ ಪ್ರವಾಸದ ಮುಖ್ಯ ಉದ್ದೇಶವೇ ಇದು. ಇಲ್ಲಿಗೆ 1623ರ ಡಿಸೆಂಬರಿನಲ್ಲಿ ರೋಮಿನ ಪಿಯೆತ್ರೊ ದೆಲ್ಲ ವಲ್ಲೆ ಬಂದಿದ್ದನು. ಗೋವೆಯಿಂದ ಹೊರಟ ಪೋರ್ಚುಗೀಸ್ ರಾಯಭಾರದ ಜೊತೆಯಲ್ಲಿ ಇಕ್ಕೇರಿಗೆ ಹೋಗಿ, ಅಲ್ಲಿ ವೆಂಕಟಪ್ಪನಾಯಕನ ಆಸ್ಥಾನವನ್ನು ಕಂಡು, ಘಟ್ಟ ಇಳಿದು ಮಂಗಳೂರಿಗೆ ಬಂದವನು, ಉಳ್ಳಾಲದ ರಾಣಿಯನ್ನು ನೋಡುವ ಕುತೂಹಲದಿಂದ ಮಣೇಲಿಗೆ ಹೋದನು. ಅವನ ಪತ್ರಗಳ ಇಂಗ್ಲಿಷ್ ಅನುವಾದ 1664ರಲ್ಲಿಯೇ ಬಂದಿತು. 1892ರಲ್ಲಿ ಎಡ್ವರ್ಡ್ ಗ್ರೇ ಅದನ್ನು ಸಂಪಾದಿಸಿದನು. ಹೆಸರುಗಳನ್ನು ಕಿವಿಗೆ ಬಿದ್ದಂತೆ ಬರೆದುಕೊಳ್ಳುವ ಒಳ್ಳೆಯ ಗುಣ ಅವನಿಗಿತ್ತು. ರಾಣಿಯ ಹೆಸರನ್ನು ‘ಅಬಗ್‌ದೇವಿ ಚೌತ್ರು’ ಎಂದು ಬರೆದು, ಮೊದಲನೆಯದು ಅವಳ ಹೆಸರು, ‘ದೇವಿ’ ಗೌರವಸೂಚಕ, ಕೊನೆಯದು ಆ ದೇಶದ ಅರಸರೆಲ್ಲರ ಬಿರುದು ಎಂದು ವಿವರಿಸುತ್ತಾನೆ. ‘ಚೌಟ’ ಎಂಬ ಪದದ ಚರಿತ್ರೆಯನ್ನು ಹುಡುಕುವವರು ಈ ಇಟಾಲಿಯನ್ ಕಾಗುಣಿತವನ್ನು ಬಿಡಬಾರದು.

ಅವನು ರಾಣಿಯನ್ನು ಕಂಡದ್ದು ಸಿಂಹಾಸನದ ಮೇಲಲ್ಲ, ಪೇಟೆಯ ಬೀದಿಯಲ್ಲಿ. ಹೊಸದಾಗಿ ತೋಡಿಸುತ್ತಿದ್ದ ನೀರಿನ ಕಾಲುವೆಗಳನ್ನು ನೋಡಲು ಅವಳು ಬರಿಗಾಲಿನಲ್ಲಿ ನಡೆದು ಹೋಗುತ್ತಿದ್ದಳು. ಉಟ್ಟದ್ದು ಒರಟು ಬಿಳಿಯ ಹತ್ತಿಬಟ್ಟೆ, ತಲೆಯಿಂದ ಎದೆಯ ಮೇಲೆ ಇಳಿಬಿಟ್ಟ ಇನ್ನೊಂದು ಬಟ್ಟೆ, ಮೇಲೆ ಹಿಡಿದದ್ದು ಓಲೆಯ ಕೊಡೆ. ಸುಮಾರು ನಲವತ್ತರ ಪ್ರಾಯ, ಕಪ್ಪು ಮೈಬಣ್ಣ, ತುಂಬಿದ ದೇಹ, ಆದರೆ ಚುರುಕು ನಡೆ. ನೋಡಿದರೆ ಅಡುಗೆಮನೆಯ ಆಳೋ ಅಗಸಗಿತ್ತಿಯೋ ಎನ್ನುವಂತಿದ್ದಳು ಎಂದು ಯುರೋಪಿನ ಆ ಶ್ರೀಮಂತ ಸಂಕೋಚವಿಲ್ಲದೆ ಬರೆಯುತ್ತಾನೆ. ಮಾತು ಆರಂಭಿಸಿದೊಡನೆ ಆಕೆಯ ಮಾತಿನ ಘನತೆಯಲ್ಲಿ ಅರಸಿಯೆಂಬುದು ಗೊತ್ತಾಯಿತು ಎಂದೂ ಬರೆಯುತ್ತಾನೆ. ಅವಳು ಅವನನ್ನು ಬೀದಿಯಲ್ಲಿಯೇ ನಿಲ್ಲಿಸಿ ಯಾವ ಯಾವ ದೇಶಗಳನ್ನು ಕಂಡೆ, ಏಕೆ ಮನೆ ಬಿಟ್ಟೆ ಎಂದು ಕೇಳಿದಳು. ಆ ಕಾಲದಲ್ಲಿ ಅವನ ಸಾಮಾನುಗಳ ನಡುವೆ, ಎರಡು ವರ್ಷಗಳ ಹಿಂದೆ ಪರ್ಷಿಯದ ತೀರದಲ್ಲಿ ತೀರಿಕೊಂಡ ಹೆಂಡತಿ ಮಾನಿಯ ಸಂರಕ್ಷಿತ ಶರೀರವಿತ್ತು. ಅದನ್ನು ಅವನು ರೋಮಿಗೆ ಒಯ್ದು 1627ರಲ್ಲಿ ಸಮಾಧಿ ಮಾಡಿದನು. ಏಕೆ ಮನೆ ಬಿಟ್ಟೆ ಎಂಬ ಪ್ರಶ್ನೆ ಅವನಿಗೆ ಹಗುರವಾಗಿರಲಾರದು. ಆಮೇಲೆ ರಾಣಿಯ ಮಗನ ಆತಿಥ್ಯದಲ್ಲಿ ಊಟವೂ ಆಯಿತು. ಅತಿಥಿ ತನ್ನದೇ ಚಮಚ, ಮುಳ್ಳುಚಮಚಗಳನ್ನು ತೆಗೆದು ಉಂಡದ್ದನ್ನು ಅಲ್ಲಿದ್ದವರು ಬೆರಗಾಗಿ ನೋಡಿದರಂತೆ.

ಮಣೇಲಿನಲ್ಲಿ ನಾನು ಕಂಡದ್ದು ಅಡಕೆ ತೋಟ, ತೆಂಗು, ಕೆಂಪು ಮುರಕಲ್ಲಿನ ದರೆ, ತೋಟದಂಚಿನಲ್ಲಿ ಹರಿಯುವ ಸಣ್ಣ ತೋಡು. ಅದರ ಬದಿಯಲ್ಲಿ ಅರ್ಧ ಗಂಟೆ ಕುಳಿತೆ. ಅದೇ ಆ ಕಾಲುವೆ ಎನ್ನುವ ಧೈರ್ಯ ನನಗಿಲ್ಲ, ಅದು ಬೇಕಾಗಿಯೂ ಇರಲಿಲ್ಲ. ನಾನು ಕಾಲುವೆಗಳ ಸೀಮೆಯವನು. ಕಂಠೀರವ ನರಸರಾಜ ಒಡೆಯರ ಬಂಗಾರದೊಡ್ಡಿ ನಾಲೆ, ಚಿಕ್ಕದೇವರಾಜರ ನಾಲೆ, ಈಚಿನ ವಿಶ್ವೇಶ್ವರಯ್ಯ ನಾಲೆ ಇವುಗಳ ನೀರಿನಿಂದಲೇ ಮಂಡ್ಯದ ಗದ್ದೆಗಳಿವೆ. ಅವನ್ನು ಕಟ್ಟಿಸಿದವರ ಹೆಸರು ನಮಗೆ ಗೊತ್ತು. ಅಗೆತದ ದಿನ ಅವರು ಮಣ್ಣಿನಲ್ಲಿ ನಿಂತಿದ್ದರೋ ಎಂದು ನಾವು ಯಾರೂ ಕೇಳಿಲ್ಲ. ದೇಶ ದೊಡ್ಡದಾದಷ್ಟೂ ಆ ಪ್ರಶ್ನೆ ಹುಟ್ಟುವುದೇ ಇಲ್ಲ.

ಹಾಗೆಂದು ಸಣ್ಣದನ್ನೆಲ್ಲ ಹೊಗಳುವುದು ಇನ್ನೊಂದು ತಪ್ಪು. ದೆಲ್ಲ ವಲ್ಲೆ ಕಂಡ ರಾಣಿ ಗಂಡನಾದ ಬಂಗರಸನೊಡನೆ ವಿರಸ ಬೆಳೆದು ಬೇರ್ಪಟ್ಟವಳು. ಅವನು ಪೋರ್ಚುಗೀಸರ ಬಲ ಹಿಡಿದಾಗ ಅವಳು ಇಕ್ಕೇರಿಯ ವೆಂಕಟಪ್ಪನಾಯಕನನ್ನು ನೆರವಿಗೆ ಕರೆದಳು. ನಾಯಕ ಬಂದು ಬಂಗರನ್ನು ಸೋಲಿಸಿದನು, ಮತ್ತೆ ಕರಾವಳಿಯನ್ನು ಬಿಟ್ಟು ಹೋಗಲಿಲ್ಲ. ಆದ್ದರಿಂದ ನನ್ನ ‘ಸಾಮಂತ’ ಎಂಬ ಪದ ಸುಳ್ಳಲ್ಲ. ಅದು ಇಕ್ಕೇರಿಯಿಂದ ನೋಡಿದಾಗ ಕಾಣುವ ಸತ್ಯ. ಮಣೇಲಿನ ಪೇಟೆಯಲ್ಲಿ ನಿಂತವನಿಗೆ ಅದು ಕಾಣುವುದಿಲ್ಲ.

ಗುರುಪುರ ದಾಟಿ, ಮಂಗಳೂರು ದಾಟಿ, ನೇತ್ರಾವತಿಯ ಸೇತುವೆಯ ಆಚೆ ಉಳ್ಳಾಲ. ಮೂಡಬಿದಿರೆಯಿಂದ ಇಲ್ಲಿಗೆ ನೇರ ಬಂದರೆ ಎರಡು ಗಂಟೆಯೂ ಬೇಡ. ಚೌಟರ ದೇಶ ಅಲ್ಲಿಗೆ ಮುಗಿಯಿತು. ನಡುವಿನ ಮಂಗಳೂರು ಅವರದಲ್ಲ, ಅಲ್ಲಿ ಬಂಗರು, ಅವರ ಮಗ್ಗುಲಲ್ಲಿ 1568ರಿಂದ ಪೋರ್ಚುಗೀಸರ ಕೋಟೆ. ಇಷ್ಟು ತುಂಡುನೆಲವನ್ನು 1555ರಿಂದ ಮುಂದಕ್ಕೆ ಮತ್ತೆ ಮತ್ತೆ ಮುತ್ತಿದ ನೌಕಾಬಲ ಬ್ರೆಜಿಲಿನಿಂದ ಮಕಾವ್‌ವರೆಗೆ ಹರಡಿದ್ದ ಸಾಮ್ರಾಜ್ಯದ್ದು. ತಿರುಮಲರಾಯ ಚೌಟನ ಸೊಸೆ ಮೊದಲ ಅಬ್ಬಕ್ಕನಿಂದ ದೆಲ್ಲ ವಲ್ಲೆ ಕಂಡ ಅಬ್ಬಕ್ಕನವರೆಗೆ ಒಂದಕ್ಕಿಂತ ಹೆಚ್ಚು ರಾಣಿಯರು ಅದೇ ಹೆಸರಿನಲ್ಲಿ ಆಳಿದರೆಂದು ವಿದ್ವಾಂಸರು ಬಿಡಿಸಿ ತೋರಿಸಿದ್ದಾರೆ. ಜನರ ನೆನಪು ಅವರನ್ನೆಲ್ಲ ಒಬ್ಬಳನ್ನಾಗಿ ಮಾಡಿಕೊಂಡಿದೆ. 2012ರಲ್ಲಿ ಕರಾವಳಿ ಕಾವಲು ಪಡೆಯ ಹಡಗಿಗೆ ಇಟ್ಟದ್ದೂ ಆ ಒಂದೇ ಹೆಸರು.

ಸೋಮೇಶ್ವರದ ಬಂಡೆಗಳ ಬಳಿ ಬುತ್ತಿ ಬಿಚ್ಚಿದಾಗ ಐದೂವರೆ. ಪಕ್ಕದಲ್ಲಿ ಬಲೆ ಸರಿಮಾಡುತ್ತಿದ್ದ ಹಿರಿಯರೊಬ್ಬರು ಎಲ್ಲಿಂದ ಬಂದಿರಿ ಎಂದು ಕೇಳಿದರು. ನಾಗಮಂಗಲ ಎಂದೆ. ಅವರಿಗೆ ತಿಳಿಯಲಿಲ್ಲ. ಮಂಡ್ಯದ ಹತ್ತಿರ ಎಂದೆ. “ಓ, ಮೈಸೂರಿನವರು” ಎಂದರು. ತಿದ್ದಲು ಬಾಯಿ ತೆರೆದವನು ಸುಮ್ಮನಾದೆ.

ಮಧ್ಯರಾತ್ರಿ ದಾಟಿ ಮನೆ ತಲುಪಿದೆ. ಮರುದಿನ ಕರಡಿನ ಆ ಪುಟವನ್ನು ತೆರೆದೆ. ‘ಸಾಮಂತರು’ ಎಂಬುದನ್ನು ಹೊಡೆದುಹಾಕಲಿಲ್ಲ. ಅದರ ಕೆಳಗೆ ಯಾರ ಕಣ್ಣಿಗೆ ಸಾಮಂತರು ಎಂಬುದನ್ನು ಬರೆದು, ಅಡಿಟಿಪ್ಪಣಿಯಲ್ಲಿದ್ದ ಉಳ್ಳಾಲವನ್ನು ಮೇಲಕ್ಕೆ ತಂದು, ಮಣೇಲಿನ ಕಾಲುವೆಗೆ ಎರಡು ಪುಟ ಸೇರಿಸಿದೆ. ಪ್ರಶ್ನೆ ಕೇಳಿದವಳ ವಿಳಾಸವನ್ನು ಸಂಕಿರಣದ ಪಟ್ಟಿಯಲ್ಲಿ ಹುಡುಕಿ ಆ ಪುಟಗಳನ್ನು ಕಳುಹಿಸಿದ್ದೇನೆ. ಅವಳು ಈಗ ತುಳುವಿನ ಕೃಷಿಪದಗಳ ಮೇಲೆ ಸಂಶೋಧನೆ ನಡೆಸುತ್ತಿದ್ದಾಳೆ. ಎರಡು ದಿನಗಳ ಬಳಿಕ ಉತ್ತರ ಬಂತು: ಅಲ್ಲಿ ನೀವು ‘ಕಾಲುವೆ’ ಎಂದು ಬರೆದಿದ್ದೀರಿ, ನಮ್ಮಲ್ಲಿ ಅದಕ್ಕೆ ಬೇರೆ ಪದಗಳಿವೆ, ಒಮ್ಮೆ ಮಾತನಾಡೋಣವೇ ಎಂದು.