ಡಯಾನಾ ಕಾದ 41 ವರ್ಷ

ಗಲ್ಫಿಗೆ ಬರುವ ಎಷ್ಟೋ ಮೊದಲೇ ನಮಗೆ ಪೋಸ್ಟ್ ಬಾಕ್ಸ್ ವಿಳಾಸದ ಪರಿಚಯವಿತ್ತು. ‘ಮಿಸ್ಟರ್ ವಾಕರ್, ಬಾಕ್ಸ್ 7, ಮಾವಿಟಾನ್’. ಫ್ಯಾಂಟಮ್‌ಗೆ ಪತ್ರ ಹಾಕುವವರು ಬರೆಯಬೇಕಾದ ವಿಳಾಸ ಅದು. ಊರಿನಲ್ಲಿ ಅಪ್ಪನ ಹೆಸರೋ ಮನೆಯ ಹೆಸರೋ ಬರೆದರೆ ಸಾಕು, ಪೋಸ್ಟ್‌ಮ್ಯಾನ್ ತೋಟದ ತನಕ ಹುಡುಕಿಕೊಂಡು ಬರುತ್ತಿದ್ದ ಕಾಲ. ಒಬ್ಬ ಮನುಷ್ಯನಿಗೆ ಮನೆ ಇಲ್ಲದೆ ಬರೀ ಡಬ್ಬಿಯ ನಂಬರು ಯಾಕೆ ಎಂದು ಆಗ ಅರ್ಥವಾಗಿರಲಿಲ್ಲ. 80ರ ದಶಕದ ಕೊನೆಗೆ ದಮ್ಮಾಮ್, ಜುಬೈಲ್, ರಿಯಾದ್, ಜಿದ್ದಾ ಎಂದು ಬಂದಿಳಿದಾಗ ನಮ್ಮ ವಿಳಾಸವೂ ಅದೇ ಆಯಿತು: ಕಂಪನಿಯ ಹೆಸರು, ಪೋಸ್ಟ್ ಬಾಕ್ಸ್ ನಂಬರು, ಊರು. ಮನೆ ಬಾಗಿಲಿಗೆ ಅಂಚೆ ಬರುವ ಪದ್ಧತಿ ಇಲ್ಲಿ ಆಗ ಇರಲಿಲ್ಲ. ಕಂಪನಿಯವರು ಬಾಕ್ಸ್ ತೆರೆದು ತಂದ ಪತ್ರಗಳು ಕ್ಯಾಂಪಿನ ಮೆಸ್ಸಿನಲ್ಲಿ ಹಂಚಿಕೆಯಾಗುತ್ತಿದ್ದವು. ತನ್ನ ಹೆಸರು ಕೂಗದಿದ್ದವನು ಆ ರಾತ್ರಿ ಊಟ ಮಾಡುವ ರೀತಿಯೇ ಬೇರೆ ಇರುತ್ತಿತ್ತು.

ನಮ್ಮ ವಯಸ್ಸಿನವರಿಗೆ ಇಂದ್ರಜಾಲ ಕಾಮಿಕ್ಸ್ ಏನೆಂದು ಹೇಳಬೇಕಾಗಿಲ್ಲ. ಕಿರಿಯರಿಗಾಗಿ ಇಷ್ಟು: ಟೈಮ್ಸ್ ಆಫ್ ಇಂಡಿಯಾದವರು 1964ರಲ್ಲಿ ಶುರು ಮಾಡಿ 1990ರ ತನಕ ತಂದ ಚಿತ್ರಕಥೆಗಳ ಮಾಲೆ. ಕನ್ನಡದಲ್ಲೂ ಬರುತ್ತಿತ್ತು. ಅಮೆರಿಕದ ಲೀ ಫಾಕ್ ಬರೆದ ಫ್ಯಾಂಟಮ್ ಮತ್ತು ಮಾಂತ್ರಿಕ ಮ್ಯಾಂಡ್ರೇಕ್ ಅದರ ಮುಖ್ಯ ನಾಯಕರು. ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಕೊಳ್ಳುವ ಶಕ್ತಿ ಇದ್ದವರು ಕೆಲವರು. ಉಳಿದವರಿಗೆ ಬಾಡಿಗೆ ಲೈಬ್ರರಿ, ಇಲ್ಲವೇ ಕೊಂಡವನ ಗೆಳೆತನ. ಒಂದು ಪ್ರತಿ ಇಪ್ಪತ್ತು ಕೈ ದಾಟಿ ನಮಗೆ ಸಿಗುವಾಗ ರಟ್ಟು ಹೋಗಿರುತ್ತಿತ್ತು, ಕೆಲವೊಮ್ಮೆ ಕೊನೆಯ ಪುಟವೂ.

ಆ ಪುಸ್ತಕಗಳಲ್ಲಿ ಹುಡುಗರಿಗೆ ಬೇಕಾಗಿದ್ದದ್ದು ತಲೆಬುರುಡೆಯ ಉಂಗುರದ ಗುದ್ದು. ಡಯಾನಾ ಪಾಮರ್ ಬಂದ ಪುಟಗಳು ಸರಸರ ಮಗುಚಿ ಹೋಗುತ್ತಿದ್ದವು. ನಿಧಾನವಾಗಿ ಓದುತ್ತಿದ್ದವರು ಅಕ್ಕಂದಿರು. ಡಯಾನಾ ಒಲಿಂಪಿಕ್ಸಿನ ಡೈವಿಂಗ್ ಪಟು, ವಿಶ್ವಸಂಸ್ಥೆಯಲ್ಲಿ ನೌಕರಿ ಮಾಡುವವಳು ಎಂಬುದೆಲ್ಲ ಅವರಿಗೆ ಬಾಯಿಪಾಠ. ಎಸ್ಸೆಸ್ಸೆಲ್ಸಿ ಮುಗಿಯುವುದರೊಳಗೆ ಮನೆಯಲ್ಲಿ ಗಂಡು ನೋಡಲು ಶುರು ಮಾಡುವ ಊರಿನಲ್ಲಿ, ಒಂಟಿಯಾಗಿ ದೇಶ ದೇಶ ಸುತ್ತಿ ಸಂಬಳ ತರುವ ಹೆಣ್ಣು ಅವರಿಗೆ ಏನಾಗಿ ಕಂಡಿದ್ದಳೋ, ಕೇಳಿದವರು ಯಾರೂ ಇರಲಿಲ್ಲ.

ಡಯಾನಾ ಹುಟ್ಟಿದ್ದು ಫ್ಯಾಂಟಮ್‌ನ ಮೊದಲ ಕಥೆಯಲ್ಲೇ, 1936ರ ಫೆಬ್ರವರಿಯಲ್ಲಿ. ಅವರ ಮದುವೆಯಾದದ್ದು 1977ರ ಡಿಸೆಂಬರಿನಲ್ಲಿ. ನಡುವೆ 41 ವರ್ಷ! ಅವನು ಡೆಂಕಾಲಿಯ ಕಾಡಿನಲ್ಲಿ, ಅವಳು ಅಮೆರಿಕದಲ್ಲಿ ತಾಯಿಯ ಮನೆಯಲ್ಲಿ. ಮದುವೆಯ ಮಾತು ಇನ್ನೇನು ಬಾಯಿಗೆ ಬಂತು ಅನ್ನುವಷ್ಟರಲ್ಲಿ ಎಲ್ಲೋ ಕಡಲ್ಗಳ್ಳರು ಏಳುತ್ತಾರೆ, ನಗಾರಿ ಬಾರಿಸುತ್ತದೆ, ಅವನು ಹೊರಟು ಹೋಗುತ್ತಾನೆ. ಲೀ ಫಾಕ್‌ಗೆ ಇದೊಂದು ಅನುಕೂಲ. ಮದುವೆಯಾದ ನಾಯಕನ ಕಥೆ ಓಡುವುದಿಲ್ಲ ಎಂಬ ಭಯ ಆಗಿನ ಎಲ್ಲ ಕಾಮಿಕ್ಸ್‌ನವರಿಗೂ ಇತ್ತು. ಮ್ಯಾಂಡ್ರೇಕ್ ತನ್ನ ರಾಜಕುಮಾರಿ ನಾರ್ಡಾಳನ್ನು 1934ರಿಂದ ಕಾಯಿಸಿ 1997ರಲ್ಲಿ ಮದುವೆಯಾದ. ಅಷ್ಟರಲ್ಲಿ ಇಂದ್ರಜಾಲವೇ ನಿಂತು ಏಳು ವರ್ಷವಾಗಿತ್ತು. ಸೂಪರ್‌ಮ್ಯಾನ್‌ನ ಲೋಯಿಸ್ ಲೇನ್ 1938ರಲ್ಲಿ ಬಂದವಳು, ಮದುವೆ 1996ರಲ್ಲಿ. ಅಕ್ಷತೆ ಕಾಳು ಮೊಳಕೆಯೊಡೆದು ತೆನೆ ಬಿಡುವಷ್ಟು ಕಾಲ.

ಕಾಯುವುದರಲ್ಲೂ ವ್ಯತ್ಯಾಸವಿದೆ ಎನ್ನುವುದು ನಮ್ಮ ಅಭಿಪ್ರಾಯ. ಲೋಯಿಸ್ ಪತ್ರಿಕೆಯ ವರದಿಗಾರ್ತಿ, ಚುರುಕು ಬುದ್ಧಿ. ಆದರೆ ಪಕ್ಕದ ಮೇಜಿನಲ್ಲಿ ಕನ್ನಡಕ ಹಾಕಿ ಕುಳಿತ ಕ್ಲಾರ್ಕ್ ಕೆಂಟನೇ ಸೂಪರ್‌ಮ್ಯಾನ್ ಎಂದು ಅವಳಿಗೆ ದಶಕಗಟ್ಟಲೆ ಹೇಳಲಿಲ್ಲ. 1958ರಿಂದ 1974ರ ತನಕ ಅವಳ ಹೆಸರಿನಲ್ಲೇ ಒಂದು ಪತ್ರಿಕೆ ಬಂತು. ಅದರ ತಲೆಬರಹದಲ್ಲೂ ಅವಳು ‘ಸೂಪರ್‌ಮ್ಯಾನ್‌ನ ಗೆಳತಿ’. ಆ ಕಥೆಗಳಲ್ಲಿ ಅವಳ ಬುದ್ಧಿಯೆಲ್ಲ ಅವನ ಗುಟ್ಟು ಹಿಡಿಯಲು, ಇಲ್ಲವೇ ಅವನನ್ನು ಮದುವೆಗೆ ಒಪ್ಪಿಸಲು ಖರ್ಚಾಗುತ್ತಿತ್ತು. ಸ್ವತಃ ಶಕ್ತಿವಂತೆಯಾದ ವಂಡರ್ ವುಮನ್ 1941ರಲ್ಲಿ ಬಂದಾಗ, ಅಪಾಯದಲ್ಲಿ ಸಿಕ್ಕಿ ಬೀಳುವ ಸರದಿ ಅವಳ ಪ್ರಿಯಕರನದಾಯಿತು. ಅಂಥವಳನ್ನೂ ಮಾರನೆಯ ವರ್ಷ ಸೂಪರ್‌ಹೀರೋಗಳ ಸಂಘಕ್ಕೆ ಸೇರಿಸಿಕೊಂಡು ಕಾರ್ಯದರ್ಶಿ ಮಾಡಿ ಕೂರಿಸಿದರು. (ನಮ್ಮ ಸಂಘದ ಮಹಿಳಾ ವಿಭಾಗದವರು ಇದನ್ನು ಓದಿ ನಗಬಾರದು.) ಡಯಾನಾಳ ವಿಷಯ ಹಾಗಲ್ಲ. ಅವಳಿಗೆ ಅವನು ಯಾರು, ಎಲ್ಲಿರುತ್ತಾನೆ, ಗುಹೆಯಲ್ಲಿ ಏನಿದೆ, ಎಲ್ಲ ಗೊತ್ತು. ಗೊತ್ತಿದ್ದೇ ಕಾದಳು.

ನಮ್ಮ ಹೆಂಡತಿಯರಲ್ಲಿ ಡಯಾನಾ ಎಷ್ಟು ಮಂದಿ, ಲೋಯಿಸ್ ಎಷ್ಟು ಮಂದಿ? ಕ್ಯಾಂಪಿನ ಒಂದು ಕೋಣೆಯಲ್ಲಿ ಎಂಟು ಮಂಚ, ಮೇಲೊಂದು ಕೆಳಗೊಂದು. ಊರಿಗೆ ಕಳಿಸಿದ ಫೋಟೋ ಮಾತ್ರ ಯಾರದೋ ಕಾರಿಗೆ ಒರಗಿ ನಿಂತು ತೆಗೆಸಿದ್ದು. ಕ್ಯಾಸೆಟ್ಟಿನಲ್ಲಿ ಮಾತು ತುಂಬಿ ಊರಿಗೆ ಹೋಗುವವರ ಕೈಯಲ್ಲಿ ಕಳಿಸುವಾಗಲೂ ಹಿಂದೆ ಯಾರೂ ಕೆಮ್ಮದಂತೆ ನೋಡಿಕೊಳ್ಳುತ್ತಿದ್ದೆವು. ಸೂಪರ್‌ಮ್ಯಾನ್ ಊರಿನ ನಡುವೆ ಗುಮಾಸ್ತನ ಹಾಗೆ ತಲೆ ತಗ್ಗಿಸಿ ಬದುಕಿ, ಆಕಾಶದಲ್ಲಿ ಮಾತ್ರ ಶೂರ. ನಾವೂ ಇಲ್ಲಿ ಕಫೀಲನ ಮುಂದೆ ಕ್ಲಾರ್ಕ್ ಕೆಂಟ್. ಎರಡು ವರ್ಷಕ್ಕೊಮ್ಮೆ ಮುಂಬೈಯಿಂದ ಬಸ್ಸು ಹಿಡಿದು, ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಗಳೊಂದಿಗೆ ಊರಿನಲ್ಲಿ ಇಳಿದಾಗ ಸೂಪರ್‌ಮ್ಯಾನ್. ಸೆಂಟು, ಟಾರ್ಚು, ಟ್ಯಾಂಗ್, ನಿಡೋ ಡಬ್ಬಿ. ಆ ಎರಡು ತಿಂಗಳು ಕನ್ನಡಕ ತೆಗೆದೇ ಇಟ್ಟಿರುತ್ತಿದ್ದೆವು. ಮನೆಯಾಕೆಗೆ ಗುಟ್ಟು ತಿಳಿದಿರಲಿಲ್ಲ ಎಂದಲ್ಲ. ಪೆಟ್ಟಿಗೆ ಬಿಚ್ಚುವಾಗ ಹೊಲಿದ ಅಂಗಿ, ಕೈಯ ಸುಟ್ಟ ಗಾಯ ಎಲ್ಲ ಕಾಣುತ್ತದಲ್ಲ. ಕಂಡದ್ದನ್ನು ಅತ್ತೆಯ ಎದುರು ಆಡುತ್ತಿರಲಿಲ್ಲ, ಅಷ್ಟೆ.

ಜುಬೈಲಿನಲ್ಲಿ ನಮ್ಮ ಜೊತೆ ಕೆಲಸ ಮಾಡಿ ಈಗ ನಿವೃತ್ತರಾದ ಸೌದಿ ಹಿರಿಯರೊಬ್ಬರಿಗೂ ಈ ಕಾಮಿಕ್ಸ್ ಹುಚ್ಚಿತ್ತು. 1964ರಿಂದ ಬೈರೂತಿನಲ್ಲಿ ಸೂಪರ್‌ಮ್ಯಾನ್ ಅರಬಿಯಲ್ಲಿ ಅಚ್ಚಾಗುತ್ತಿತ್ತು. ಅಲ್ಲಿ ಕ್ಲಾರ್ಕ್ ಕೆಂಟನ ಹೆಸರು ನಬೀಲ್ ಫೌಜಿ! ‘ನಮ್ಮ ಮನೆಯಲ್ಲೂ ಅಕ್ಕನೇ ಮೊದಲು ಓದುತ್ತಿದ್ದಳು, ಪೇಪರಿನಲ್ಲಿ ಕೆಲಸ ಮಾಡುವ ಆ ಹುಡುಗಿಗಾಗಿ’ ಎಂದು ಅವರು ಹೇಳಿದಾಗ ನಮಗೆ ನಮ್ಮ ಅಕ್ಕಂದಿರ ನೆನಪಾಯಿತು.

ಫ್ಯಾಂಟಮ್ ಮದುವೆಯಾದ ಮೇಲೆ ಡಯಾನಾ ಕಾಡಿಗೆ ಬಂದಳು, ವಿಶ್ವಸಂಸ್ಥೆಯ ನೌಕರಿಯನ್ನೂ ಬಿಡಲಿಲ್ಲ. 1979ರಲ್ಲಿ ಕಿಟ್ ಮತ್ತು ಹೆಲೊಯಿಸ್ ಎಂಬ ಅವಳಿ ಮಕ್ಕಳು. ನಮ್ಮಲ್ಲೂ ಇಖಾಮಾದಲ್ಲಿ ಒಳ್ಳೆಯ ಹುದ್ದೆ ನಮೂದಾದವರು ಫ್ಯಾಮಿಲಿ ವೀಸಾ ತೆಗೆದು ಸಂಸಾರ ಕರೆಸಿದರು. ಲೇಬರ್ ಎಂದು ನಮೂದಾದವರಿಗೆ ಆ ಭಾಗ್ಯವಿರಲಿಲ್ಲ, ಅವರದು 41 ವರ್ಷದ ಲೆಕ್ಕವೇ. ಆಮೇಲೆ 2017ರ ಜುಲೈಯಿಂದ ಅವಲಂಬಿತರ ಶುಲ್ಕ ಬಂತು: ತಲೆಗೆ ತಿಂಗಳಿಗೆ 100 ರಿಯಾಲ್, ಪ್ರತಿ ವರ್ಷ 100 ಏರಿ 2020ಕ್ಕೆ 400. ಹೆಂಡತಿ, ಎರಡು ಮಕ್ಕಳು ಎಂದರೆ ವರ್ಷಕ್ಕೆ 14,400 ರಿಯಾಲ್. ಎಷ್ಟೋ ಫ್ಲಾಟುಗಳು ಖಾಲಿಯಾದವು. ಗಂಡ ಮತ್ತೆ ಬ್ಯಾಚುಲರ್ ಕೋಣೆಗೆ, ಹೆಂಡತಿ ಮಕ್ಕಳೊಂದಿಗೆ ಊರಿಗೆ. ಕಾಡಿನ ಮನೆಗೆ ಬಂದ ಡಯಾನಾಳನ್ನು ಮರಳಿ ತಾಯಿಯ ಮನೆಗೆ ಕಳಿಸುವ ಕಥೆಯನ್ನು ಲೀ ಫಾಕ್ ನಮಗೆ ಓದಿಸಿರಲಿಲ್ಲ.

ಹಾಗೆ ಕುಂದಾಪುರಕ್ಕೆ ಮರಳಿದ ಒಬ್ಬರು ಹೋದ ಚಳಿಗಾಲದಲ್ಲಿ ವಿಸಿಟ್ ವೀಸಾದಲ್ಲಿ ಬಂದಿದ್ದರು. ಶುಕ್ರವಾರದ ಊಟದ ಹೊತ್ತಿಗೆ ಗಂಡಸರು ನಾವು ಈ ಹಳೆಯ ಕಾಮಿಕ್ಸ್ ಮಾತಿನಲ್ಲಿ ಮುಳುಗಿದ್ದೆವು. ಮದುವೆಯಾಗಿ ಮೊದಲ ಹನ್ನೊಂದು ವರ್ಷ ಅವರು ಊರಿನಲ್ಲೇ ಇದ್ದು ಮನೆ ಕಟ್ಟಿಸಿದವರು, ಮಾವನ ಡಯಾಲಿಸಿಸ್ಸಿಗೆ ವಾರಕ್ಕೆರಡು ಸಲ ಮಣಿಪಾಲಕ್ಕೆ ಓಡಾಡಿದವರು, ಜಾಗದ ಸರ್ವೆಗೆ ಒಬ್ಬರೇ ನಿಂತವರು.

‘ಅಲ್ಲಾ ಅಣ್ಣ, ಅವನಿಗಾದ್ರೆ ಗುಹೆ, ಕುದುರೆ, ನಾಯಿ ಎಲ್ಲಾ ಇತ್ತು’ ಅಂದರು.

‘ನಾಯಿ ಅಲ್ಲ, ತೋಳ’ ಎಂದು ನಾಲ್ಕು ಜನ ಒಟ್ಟಿಗೆ ತಿದ್ದಿದೆವು.

‘ಆಯ್ತು, ತೋಳ. ಅವಳಿಗೆ ಅವಳ ಅಮ್ಮ ದಿನಾ ಏನು ಕೇಳ್ತಿದ್ರು ಅಂತ ಬರೆದಿದಾರಾ?’

ಬರೆದಿದ್ದಾರೆ. ಮುಖವಾಡದವನನ್ನು ಬಿಡು, ನಾಲ್ಕು ಜನರ ಎದುರು ತೋರಿಸಬಹುದಾದ ವರನನ್ನು ನೋಡು ಎಂದು ಆ ತಾಯಿ ಹೇಳುತ್ತಲೇ ಇದ್ದರು. ಹಾಗೆಂದಾಗ ಆಕೆ ಸಾರಿನ ಪಾತ್ರೆ ಕೆಳಗಿಟ್ಟು, ಆ ಪುಸ್ತಕ ಸಿಕ್ಕಿದರೆ ತಾನು ಓದಬೇಕು ಎಂದರು.

ಓದುಗರಲ್ಲಿ ಯಾರ ಬಳಿಯಾದರೂ, ಊರಿನ ಮನೆಯ ಅಟ್ಟದಲ್ಲಾದರೂ, ಕನ್ನಡ ಇಂದ್ರಜಾಲದ ಹಳೆಯ ಪ್ರತಿಗಳಿದ್ದರೆ ದಯವಿಟ್ಟು ಸಂಘದ ಗ್ರಂಥಾಲಯಕ್ಕೆ ತಿಳಿಸಿ. ರಟ್ಟು ಇಲ್ಲದಿದ್ದರೂ ಅಡ್ಡಿಯಿಲ್ಲ. ಡಯಾನಾ ಬರುವ ಪುಟಗಳು ಇದ್ದರೆ ಸಾಕು.