ಆಶ್ರಯದಿಂದ ನೆರೆಹೊರೆಗೆ

‘ನಿರಾಶ್ರಿತ’ ಎಂದರೆ ಆಶ್ರಯವಿಲ್ಲದವನು. ಆದರೆ ಲೋಕವ್ಯವಹಾರದಲ್ಲಿ ಒಂದು ವೈಚಿತ್ರ್ಯವುಂಟು. ಆಶ್ರಯ ದೊರೆತು, ಮನೆಯೆದ್ದು, ಹೊಲ ಹಸಿರಾಗಿ, ಮೊಮ್ಮಕ್ಕಳು ಶಾಲೆಯ ಮೆಟ್ಟಿಲು ಹತ್ತಿದ ಮೇಲೂ ಅಂತಹ ಕುಟುಂಬವನ್ನು ಜನರು ನಿರಾಶ್ರಿತರೆಂದೇ ಕರೆಯುತ್ತಾರೆ. ಹಾಗಾದರೆ ‘ನಿರ್’ ಎಂಬ ಉಪಸರ್ಗ ಕಳಚಿಬೀಳುವುದೆಂದು? ಸರ್ಕಾರ ಭೂಮಿ ಕೊಟ್ಟ ದಿನವೋ, ನೆರೆಯವರು ಮನಸ್ಸು ಕೊಟ್ಟ ದಿನವೋ? ಉತ್ತರವನ್ನು ದೂರ ಅರಸಬೇಕಾಗಿಲ್ಲ. ಕನ್ನಡ ನಾಡಿನ ಟಿಬೆಟನ್ ವಸತಿಗಳೇ ಅದನ್ನು ಹೇಳುತ್ತವೆ.

1959ರ ಮಾರ್ಚ್ ತಿಂಗಳಲ್ಲಿ ದಲೈ ಲಾಮಾ ಲಾಸಾ ನಗರವನ್ನು ತೊರೆದು ಭಾರತಕ್ಕೆ ಬಂದರು. ಅವರ ಹಿಂದೆಯೇ ಸುಮಾರು 80,000 ಜನರು ಹಿಮಾಲಯವನ್ನು ದಾಟಿದರು. ಅಸ್ಸಾಮಿನ ಮಿಸಾಮಾರಿ ಶಿಬಿರದ ಸೆಕೆಯನ್ನೂ ರೋಗರುಜಿನಗಳನ್ನೂ ಅನುಭವಿಸಿದವರೆಷ್ಟೋ! ಪರ್ವತ ಪ್ರಾಂತದಲ್ಲಿ ರಸ್ತೆಗೆ ಕಲ್ಲು ಒಡೆದು ಹೊಟ್ಟೆ ಹೊರೆದವರೆಷ್ಟೋ! ಇಂತಹ ಸಮಯದಲ್ಲಿ ಅಂದಿನ ಮೈಸೂರು ರಾಜ್ಯವು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯ ಬಳಿ ಸುಮಾರು 3,000 ಎಕರೆ ಭೂಮಿಯನ್ನು ನೀಡಲು ಮುಂದಾಯಿತು. ಎಸ್. ನಿಜಲಿಂಗಪ್ಪನವರ ಔದಾರ್ಯವನ್ನು ದಲೈ ಲಾಮಾ ಇಂದಿಗೂ ಕೃತಜ್ಞತೆಯಿಂದ ಸ್ಮರಿಸುತ್ತಾರೆ.

ಮೊದಲು ಬಂದವರು 666 ಮಂದಿ. ತಲೆಗೊಂದು ಎಕರೆಯಂತೆ 3,000 ಜನರು ನೆಲೆಸಬೇಕೆಂಬುದು ಸಂಕಲ್ಪ. ಆದರೆ ಕೈಗೆ ಬಂದದ್ದು ಹೊಲವಲ್ಲ, ಕಾಡು. ಗುಡಾರಗಳಲ್ಲಿ, ಬಿದಿರಿನ ಗುಡಿಸಲುಗಳಲ್ಲಿ ವಾಸಿಸುತ್ತ ಅವರು ಮರ ಕಡಿದರು, ಬೇರು ಕಿತ್ತರು, ಪೊದೆ ಸುಟ್ಟರು. ಹಿಮದ ನಾಡಿನವರಿಗೆ ಆ ಬೇಗೆ ಅಸಹನೀಯವಾಗಿತ್ತು. ಬೆಳೆದ ಪೈರನ್ನು ಕಾಡಾನೆಗಳು ತುಳಿದವು. ಜವೆಗೋದಿಯನ್ನು ಹುರಿದು ಹಿಟ್ಟು ಮಾಡಿ ಉಣ್ಣುತ್ತಿದ್ದವರು ಮೆಕ್ಕೆಜೋಳ ಬೆಳೆಯುವುದನ್ನು ಕಲಿಯಬೇಕಾಯಿತು. ಮುಂಗಾರಿನ ಮನಸ್ಸನ್ನೂ ಕೆಮ್ಮಣ್ಣಿನ ಗುಣವನ್ನೂ ಅರಿಯಬೇಕಾಯಿತು.

ಇಲ್ಲಿ ನೆರವು ಎಂಬುದರ ಸ್ವರೂಪವನ್ನು ವಿಚಾರಿಸಬೇಕು. ಅನ್ನ, ಬಟ್ಟೆ, ಔಷಧಿಗಳನ್ನು ಕೊಡುವುದು ಮೊದಲ ಮೆಟ್ಟಿಲು. ಅಲ್ಲಿಯೇ ನಿಂತರೆ ಪಡೆಯುವವನ ಕೈ ಸದಾ ಕೆಳಗೇ ಇರುತ್ತದೆ. ಭೂಮಿ, ಬಿತ್ತನೆಯ ಬೀಜ ಮತ್ತು ಉಳುವ ಸಾಧನಗಳನ್ನು ಒದಗಿಸಿ, ಸಹಕಾರ ಸಂಘಗಳನ್ನು ಕಟ್ಟಿಕೊಳ್ಳಲು ಬಿಡುವುದು ಎರಡನೆಯ ಮೆಟ್ಟಿಲು. ಮೂರನೆಯದು ಎಲ್ಲಕ್ಕಿಂತ ಕಠಿಣವಾದುದು: ಬಂದವರು ತಾವಾಗಿಯೇ ಉಳಿಯಲು ಅವಕಾಶ ಕೊಡುವುದು. 1961ರಲ್ಲಿ ಕೇಂದ್ರ ಸರ್ಕಾರವು ಟಿಬೆಟನ್ ಮಕ್ಕಳ ಶಾಲೆಗಳಿಗಾಗಿ ಪ್ರತ್ಯೇಕ ಸಂಸ್ಥೆಯನ್ನು ಸ್ಥಾಪಿಸಿತು. ತಾಯ್ನುಡಿಯನ್ನು ಕಳೆದುಕೊಂಡ ಮಗು ಎರಡನೆಯ ಸಲ ನಾಡನ್ನು ಕಳೆದುಕೊಂಡಂತೆ ಎಂಬುದನ್ನು ಅಂದಿನವರು ಅರಿತಿದ್ದರು.

ಆದರೆ ತನ್ನತನವನ್ನು ಕಾಯುವ ಬೇಲಿಯು ಗೋಡೆಯಾಗಬಾರದು. ಈ ಎಚ್ಚರವನ್ನು ಕಲಿಸಿದ್ದು ಯಾವ ಇಲಾಖೆಯೂ ಅಲ್ಲ, ನಿತ್ಯದ ಬದುಕು. ಸುತ್ತಲಿನ ಹಳ್ಳಿಗರು ಕೂಲಿಗಾಗಿ ಟಿಬೆಟನ್ನರ ಹೊಲಗಳಿಗೆ ಬಂದರು; ಟಿಬೆಟನ್ನರು ಸಾಮಾನಿಗಾಗಿ ಪೇಟೆಗೆ ಹೋದರು. ಕೂಲಿಯ ಲೆಕ್ಕ, ಕಾಳಿನ ಬೆಲೆ, ಮಳೆಯ ಮಾತು—ಇವೇ ಅವರಿಗೆ ಕನ್ನಡದ ಬಾಲಬೋಧೆಯಾದವು. ಚಳಿಗಾಲದಲ್ಲಿ ಊರೂರಿನಲ್ಲಿ ಸ್ವೆಟರು ಮಾರುವ ಟಿಬೆಟನ್ ಹೆಂಗಸರ ಕನ್ನಡದಲ್ಲಿ ವ್ಯಾಕರಣ ತೊಡರಬಹುದು, ವ್ಯವಹಾರ ತೊಡರುವುದಿಲ್ಲ.

ಎಲ್ಲವೂ ಸುಗಮವಾಗಿತ್ತೆಂದರೆ ಸತ್ಯಕ್ಕೆ ಅಪಚಾರವಾದೀತು. ಹೊರಗಿನಿಂದ ಬಂದವರಿಗೆ ಭೂಮಿ, ಮನೆ, ಆಸ್ಪತ್ರೆ ದೊರೆಯುವುದನ್ನು ಕಂಡ ಭೂಹೀನ ಹಳ್ಳಿಗನ ಮನಸ್ಸಿನಲ್ಲಿ ಕಹಿ ಮೂಡಿದ್ದರೆ ಅದನ್ನು ಅಸೂಯೆಯೆಂದು ತಳ್ಳಿಹಾಕುವಂತಿಲ್ಲ. ಟಿಬೆಟನ್ನರ ಪುನರ್ವಸತಿಗೆಂದೇ 1968ರಲ್ಲಿ ಹುಟ್ಟಿದ ಮೈರಾಡ ಸಂಸ್ಥೆಯು ಮುಂದೆ ಈ ನಾಡಿನ ಬಡ ಗ್ರಾಮಸ್ಥರ ಏಳಿಗೆಯ ಕಡೆಗೆ ತಿರುಗಿತು. ಅತಿಥಿಯ ಎಲೆಗೆ ಬಡಿಸುವಾಗ ಮನೆಯವರ ಹಸಿವನ್ನೂ ನೋಡಬೇಕಷ್ಟೆ.

ಅನಂತರ ಮುಂಡಗೋಡ, ಹುಣಸೂರು, ಕೊಳ್ಳೇಗಾಲದ ಕಡೆಗಳಲ್ಲಿಯೂ ವಸತಿಗಳು ಎದ್ದವು. ಸೆರಾ ವಿಹಾರವು ಬೈಲಕುಪ್ಪೆಯಲ್ಲಿ, ಡ್ರೆಪುಂಗ್ ಮತ್ತು ಗಾಂದೆನ್ ವಿಹಾರಗಳು ಮುಂಡಗೋಡದಲ್ಲಿ ಮರುಹುಟ್ಟು ಪಡೆದವು. ಆದರೂ ಭೂಮಿ ಗೇಣಿಯದೇ ಹೊರತು ಸ್ವಂತದ್ದಲ್ಲ. 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಭಾರತದಲ್ಲಿ ಜನಿಸಿದವರು ಕಾನೂನಿನಂತೆ ಹುಟ್ಟಿನಿಂದಲೇ ಭಾರತೀಯರು. ಅಂಥವರಲ್ಲಿಯೂ ಕೆಲವರು ಆ ಹಕ್ಕನ್ನು ಕೇಳದೆ, ಮರಳುವ ಆಸೆಯನ್ನೇ ಎದೆಗವಚಿಕೊಂಡಿದ್ದಾರೆ. ಅದು ಕೃತಘ್ನತೆಯಲ್ಲ. ತವರನ್ನು ನೆನೆವ ಸೊಸೆ ಅತ್ತೆಮನೆಯನ್ನು ದ್ವೇಷಿಸುವವಳೇನೂ ಅಲ್ಲ.

ನಾಳೆ ಯಾವುದೇ ಶಾಲೆಯ ಮಣೆಯ ಮೇಲೆ ಬೇರೆ ನಾಡಿನ, ಬೇರೆ ನುಡಿಯ ಮಗುವೊಂದು ಬಂದು ಕುಳಿತೀತು. ಅದರ ಉಚ್ಚಾರ ತೊಡರಿದಾಗ ತರಗತಿ ನಗುವುದೋ, ಪಕ್ಕದ ಮಗು ಮೆಲ್ಲನೆ ತಿದ್ದುವುದೋ—ಅದು ಗುರುವಿನ ಮುಖಭಾವವನ್ನು ಅವಲಂಬಿಸಿದೆ. ಪುನರ್ವಸತಿಯ ಕಡೆಯ ಕಂತು ಸಂದಾಯವಾಗುವುದು ಅಲ್ಲಿಯೇ.

ಕನ್ನಡದಲ್ಲಿ ‘ನೆರೆಹೊರೆ’ ಎಂಬ ಜೋಡುನುಡಿಯಿದೆ. ಅಲ್ಲಿಯ ‘ಹೊರೆ’ಗೆ ಭಾರವೆಂಬ ಅರ್ಥವಿಲ್ಲ, ಪಕ್ಕ, ಸಮೀಪ ಎಂಬುದೇ ಅರ್ಥ. ಹೊರೆಯೆಂದು ಕಂಡವರು ಪಕ್ಕದವರಾಗಿ ಕಂಡ ದಿನ ‘ನಿರ್’ ಕಳಚುತ್ತದೆ.