ಇಪ್ಪತ್ತು ಯೂನಿಟ್ಟಿನ ಋಣ

ಬೆಂಗಳೂರಿನಿಂದ ಬಂದಿದ್ದ ಅಳಿಯಂದಿರ ವಿದ್ಯುತ್ ಕಾರಿನಲ್ಲಿ ಇತ್ತೀಚೆಗೆ ಸಿರುಗುಪ್ಪದ ಮದುವೆಯೊಂದಕ್ಕೆ ಹೋಗಿದ್ದೆವು. ಊಟ ಮುಗಿಸಿ, ಕುರುಗೋಡಿನಲ್ಲಿರುವ ಅಕ್ಕನನ್ನು ಕಂಡು, ದೊಡ್ಡಬಸವೇಶ್ವರನಿಗೆ ಕೈಮುಗಿದು ಬಳ್ಳಾರಿಗೆ ಮರಳುವಾಗ ಸಂಜೆಯಾಗಿತ್ತು. ನಾವಿರುವುದು ಮಹಡಿಯ ಬಾಡಿಗೆ ಮನೆ; ಅಲ್ಲಿ ಕಾರು ಚಾರ್ಜ್ ಮಾಡುವ ಅನುಕೂಲವಿಲ್ಲ. ಅಳಿಯಂದಿರು ಮರುದಿನ ನಸುಕಿನಲ್ಲೇ ಹೊರಡುವವರಿದ್ದರು. ಆದ್ದರಿಂದ ಊರಂಚಿನ ಚಾರ್ಜಿಂಗ್ ಕೇಂದ್ರವೊಂದರಲ್ಲಿ ನಿಂತೆವು.

ಅಲ್ಲಿ ಹಣ ಪಡೆಯುವ ಮನುಷ್ಯರಿರಲಿಲ್ಲ. ಅಳಿಯಂದಿರ ಮೊಬೈಲಿನಲ್ಲಿ ಮೂರು ಕಂಪನಿಗಳ ಆ್ಯಪ್‌ಗಳಿದ್ದವು, ಇದು ನಾಲ್ಕನೆಯದು. ಅದನ್ನು ಇಳಿಸಿಕೊಂಡು, ಕನಿಷ್ಠ ಐದುನೂರು ರೂಪಾಯಿಯನ್ನು ಮುಂಗಡವಾಗಿ ವಾಲೆಟ್ಟಿಗೆ ತುಂಬಬೇಕಂತೆ. ತುಂಬಿದರು. ಬ್ಯಾಂಕಿನಿಂದ ಹಣ ಹೋಯಿತು, ವಾಲೆಟ್ಟಿಗೆ ಬರಲಿಲ್ಲ. ಪಕ್ಕದ ಚಹದಂಗಡಿಯಲ್ಲಿ ಹತ್ತು ರೂಪಾಯಿಯನ್ನು ಯುಪಿಐ ಮೂಲಕ ಕ್ಷಣದಲ್ಲಿ ಕೊಟ್ಟು ಬಂದಿದ್ದೆ. ನನ್ನ ಜೇಬಿನಲ್ಲಿ ನೋಟುಗಳೂ ಇದ್ದವು. ಆದರೆ ಆ ಯಂತ್ರಕ್ಕೆ ಎರಡೂ ಬೇಡ.

ಅಷ್ಟರಲ್ಲಿ ಸರದಿಗೆ ಕಾಯುತ್ತಿದ್ದ ಟ್ಯಾಕ್ಸಿಯ ಚಾಲಕ ಹತ್ತಿರ ಬಂದು, "ಸರ್, ಎಂಟನೇ ಕ್ಲಾಸಿಗೆ ನೀವು ನಮಗೆ ಲೆಕ್ಕ ಹೇಳಿಕೊಟ್ಟಿದ್ರಿ, ನೆನಪೈತೇನ್ರಿ?" ಎಂದು ಕಾಲಿಗೆರಗಿದ. ಸಂಗತಿ ತಿಳಿದೊಡನೆ ತನ್ನ ವಾಲೆಟ್ಟಿನಿಂದಲೇ ನಮ್ಮ ಕಾರಿಗೆ ಚಾರ್ಜ್ ಆರಂಭಿಸಿದ. ಮುಕ್ಕಾಲು ಗಂಟೆಯಲ್ಲಿ ಇಪ್ಪತ್ತು ಯೂನಿಟ್ ತುಂಬಿತು. ಯೂನಿಟ್ಟಿಗೆ 18 ರೂಪಾಯಿಯಂತೆ 360, ಜಿ.ಎಸ್.ಟಿ. ಶೇ. 18ರಂತೆ 64.80, ಒಟ್ಟು 424.80. ನೋಟು ನೀಡಿದರೆ, "ನಿಮ್ಮತ್ರ ರೊಕ್ಕ ತಗೊಳ್ಳೋದೇನ್ರಿ ಸರ್" ಎಂದು ಕೈಕಟ್ಟಿ ನಿಂತ. ಮೂರು ದಶಕ ಯಾವ ವಿದ್ಯಾರ್ಥಿಯಿಂದಲೂ ಒಂದು ರೂಪಾಯಿ ಪಡೆಯದವನು ನಾನು. ದುಡಿದು ತಿನ್ನುವ ಹುಡುಗನ ಗಳಿಕೆಯಿಂದ ನನ್ನ ಅಳಿಯನ ಕಾರು ಓಡುವುದೇ? ಗದರಿಸಿ 425 ರೂಪಾಯಿಯನ್ನು ಜೇಬಿಗೆ ತುರುಕಿದೆ. "ಇಪ್ಪತ್ತು ಪೈಸೆ ನಾನೇ ಕೊಡಬೇಕಾತಲ್ರಿ" ಎಂದು ನಕ್ಕ.

ಓದುಗ ಮಿತ್ರರೆ, ದೇಶದಲ್ಲೇ ಮೊದಲಿಗೆ, 2017ರಲ್ಲಿ, ವಿದ್ಯುತ್ ವಾಹನ ನೀತಿ ತಂದ ರಾಜ್ಯ ನಮ್ಮದು. ಚಾರ್ಜಿಂಗ್ ವಿದ್ಯುತ್ ಮಾರಾಟವಲ್ಲ, ಸೇವೆ ಎಂದು ಕೇಂದ್ರ ವಿದ್ಯುತ್ ಸಚಿವಾಲಯ 2018ರಲ್ಲಿ ಸ್ಪಷ್ಟಪಡಿಸಿದ ಮೇಲೆ ಪರವಾನಗಿಯ ತೊಡಕಿಲ್ಲದೆ ಕೇಂದ್ರಗಳನ್ನು ತೆರೆಯುವುದು ಸಾಧ್ಯವಾಯಿತು. ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಅರ್ಜಿಯ ಮೇಲೆ ಕರ್ನಾಟಕದ ಮುಂಗಡ ತೀರ್ಪು ಪ್ರಾಧಿಕಾರವು 2023ರಲ್ಲಿ ಈ ಸೇವೆಗೆ ಶೇ. 18 ತೆರಿಗೆಯೆಂದು ಹೇಳಿತು. ಮನೆಗೆ ಬರುವ ವಿದ್ಯುತ್ತಿಗೆ ಆ ತೆರಿಗೆಯಿಲ್ಲ. ಇರಲಿ, ಸೇವೆಯೆಂದು ತೆರಿಗೆ ಕೊಡೋಣ. ಆದರೆ ಕೊಡಲು ಬಂದವನ ಹಣವನ್ನು ಸ್ವೀಕರಿಸುವುದೂ ಸೇವೆಯ ಭಾಗವಲ್ಲವೆ?

ನಮ್ಮ ಜಿಲ್ಲೆಯ ಕುಡತಿನಿಯಲ್ಲೇ ಉಷ್ಣವಿದ್ಯುತ್ ಸ್ಥಾವರವಿದೆ. ಅಂಥ ನೆಲದಲ್ಲಿ ನಿಂತು, ಜೇಬಿನಲ್ಲಿ ಹಣವಿಟ್ಟುಕೊಂಡು, ಇಪ್ಪತ್ತು ಯೂನಿಟ್ಟಿಗಾಗಿ ಶಿಷ್ಯನೊಬ್ಬನ ಮುಂದೆ ಕೈಚಾಚಬೇಕಾಯಿತು.

ಆ ಐದುನೂರು ನಾಲ್ಕನೆಯ ದಿನ ವಾಲೆಟ್ಟಿಗೆ ಬಂದಿತಂತೆ. ಅಳಿಯಂದಿರು ಮತ್ತೆ ಇತ್ತ ಬರುವವರೆಗೆ ಅದು ಅಲ್ಲೇ ಇರುತ್ತದೆ. ಹಣದ ಲೆಕ್ಕ ಹೇಗೋ ಸರಿಹೋದೀತು. ಆ ಹುಡುಗ ಕಾದ ಮುಕ್ಕಾಲು ಗಂಟೆಯನ್ನು ಯಾವ ಲೆಕ್ಕಕ್ಕೆ ಹಾಕಲಿ?